ಸ್ಟುಡಿಯೋದ ಪರದೆ

ಒಂದು ಕಾಲದಲ್ಲಿ ನಮ್ಮ ಕಡೆ ಮದುವೆ ನಿಶ್ಚಯವಾದ ಮೇಲೆ ಹುಡುಗ ಹುಡುಗಿ ಜೊತೆಯಾಗಿ ಒಂದು ಫೋಟೋ ತೆಗೆಸಿಕೊಳ್ಳುವುದೇ ದೊಡ್ಡ ಮಾತಾಗಿತ್ತು. ಸ್ಟುಡಿಯೋದಲ್ಲಿ ಬಣ್ಣ ಬಳಿದ ಪರದೆಯೊಂದು ಇರುತ್ತಿತ್ತು. ಅದರ ಮೇಲೆ ಕಂಬ, ಮೆಟ್ಟಿಲು, ಹೂಕುಂಡ, ಕೆಲವೊಮ್ಮೆ ತಾಜಮಹಲು. ಅದರ ಮುಂದೆ ಕುರ್ಚಿ ಹಾಕಿ ಕೂಡಿಸಿ, "ಸ್ವಲ್ಪ ನಗ್ರಿ" ಎನ್ನುತ್ತಿದ್ದರು. ಫೋಟೋ ಮುಗಿದರೆ ಪರದೆಯನ್ನು ಸುತ್ತಿಡುತ್ತಿದ್ದರು. ಈಗಿನವರಿಗೆ ಆ ಬಟ್ಟೆಯ ಪರದೆ ಸಾಲದು. ನಿಜವಾದ ಕಂಬವೇ ಬೇಕು, ನಿಜವಾದ ದೇಗುಲವೇ ಬೇಕು, ವಸ್ತುಸಂಗ್ರಹಾಲಯದ ಶಿಲ್ಪಗಳ ಸಾಲೇ ಬೇಕು, ಚಿತ್ರಶಾಲೆಯ ಗೋಡೆಯೇ ಬೇಕು. ಮದುವೆಗೆ ಮುಂಚಿನ ಫೋಟೋಶೂಟ್ ಎಂಬುದು ಈಗ ಎಣ್ಣೆ-ಅರಿಷಿಣದಷ್ಟೇ ತಪ್ಪಿಸಲಾಗದ ಶಾಸ್ತ್ರವಾಗಿ ಕುಳಿತಿದೆ. ನಮ್ಮ ರವಿವಾರ ಪೇಟೆಯಲ್ಲಿ ಯಾರ ಮನೆಯ ಮದುವೆಯ ಮಾತು ಬಂದರೂ ಕಾರ್ಯಾಲಯ ಎಲ್ಲಿ ಎಂದು ಕೇಳುವುದಕ್ಕಿಂತ ಮೊದಲು ಶೂಟ್ ಎಲ್ಲಿ ಎಂದು ಕೇಳುತ್ತಾರೆ.

ಕಲೆಯನ್ನೂ ಇತಿಹಾಸವನ್ನೂ ಕಾಪಾಡಲೆಂದು ಇರುವ ಜಾಗಗಳನ್ನು ಹೀಗೆ ಪರದೆ ಮಾಡಿಕೊಳ್ಳುವುದು ತಪ್ಪು ಎಂಬುದೇ ನನ್ನ ವಾದ. ಹೀಗೆ ಹೇಳಿದ ಕೂಡಲೇ ಹಳೆ ಕಾಲದ ಟೀಚರಿಗೆ ಹೊಟ್ಟೆಕಿಚ್ಚು ಎನ್ನುವವರಿದ್ದಾರೆಂದು ಬಲ್ಲೆ. ಆದ್ದರಿಂದ ಯಾವುದಕ್ಕೆ ನನ್ನ ವಿರೋಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಶ್ಚಯವಾದ ಜೋಡಿ ದೇಗುಲಕ್ಕೋ ಸಂಗ್ರಹಾಲಯಕ್ಕೋ ಬಂದು, ಸುತ್ತಾಡಿ, ನೆನಪಿಗೊಂದು ಫೋಟೋ ತೆಗೆದುಕೊಂಡರೆ ಯಾರಿಗೇನು ನಷ್ಟ? 2018ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ ಅಜಂತಾ, ತಾಜಮಹಲಿನ ಗೋರಿಯ ಕೋಣೆ ಮುಂತಾದ ಕೆಲವು ಕಡೆ ಬಿಟ್ಟು ತನ್ನ ಸ್ಮಾರಕಗಳ ಒಳಗೆ ಫೋಟೋ ತೆಗೆಯಲು ಅನುಮತಿ ಕೊಟ್ಟಿತು. ಒಳ್ಳೆಯದನ್ನೇ ಮಾಡಿತು. ಕೈಯಲ್ಲಿ ಫೋನು ಹಿಡಿದು ಬಂದವರ ಮಾತಲ್ಲ ನನ್ನದು. ನಾಲ್ಕು ಜೊತೆ ಬಟ್ಟೆ, ಮೂರು ಲೈಟು, ಸ್ಟ್ಯಾಂಡು, ಬಣ್ಣದ ಹೊಗೆಯ ಡಬ್ಬಿ, ಮೇಕಪ್ಪಿನವಳು, ಫೋಟೋಗ್ರಾಫರನ ಹಿಂದೆ ಇಬ್ಬರು ಹುಡುಗರು, ಹೀಗೆ ದಂಡೆತ್ತಿ ಬಂದು ಅರ್ಧ ದಿನ ಜಾಗ ಹಿಡಿಯುವವರ ಮಾತು.

ನಾವು ಪರದೆ ಮಾಡಿಕೊಂಡಿರುವುದು ಏನನ್ನು ಎಂದು ಒಮ್ಮೆ ಯೋಚಿಸಬೇಕು. ನಮ್ಮ ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿ ಇದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಮಂಟಪದ ನಡುವೆ ನಿಂತು ತಲೆಯೆತ್ತಿದರೆ ಕಲ್ಲಿನ ಕಮಲವೊಂದು ಛಾವಣಿಯಿಂದ ಕೆಳಮುಖವಾಗಿ ಅರಳಿ ನಿಂತಿದೆ. ಇದೇ ಕೋಟೆಯ ಬಸದಿಗೆ ಕೊಟ್ಟ ದತ್ತಿಗಳನ್ನು ಹೇಳುವ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸ್ವತ್ತು. ಊರಿನ ಮಾತು ಹೇಳುವ ಕಲ್ಲು ಏಳು ಸಮುದ್ರ ದಾಟಿ ಹೋಗಿದೆ, ಉಳಿದಿರುವುದು ಕಟ್ಟಡ ಮಾತ್ರ. ಖಾನಾಪುರ ತಾಲೂಕಿನ ಹಲಸಿಗೆ ಹೋದರೆ, ಕದಂಬರ ಕಾಲದಲ್ಲಿ ಪಲಾಶಿಕಾ ಎನಿಸಿಕೊಂಡಿದ್ದ ಊರು ಅದು. ಕದಂಬ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಅಲ್ಲೊಂದು ಜಿನಾಲಯ ಕಟ್ಟಿಸಿದನೆಂದು ತಾಮ್ರಪಟ ಹೇಳುತ್ತದೆ. ಅಲ್ಲಿನ ಭೂವರಾಹ ನರಸಿಂಹ ದೇಗುಲದಲ್ಲಿ ಒಂದು ತುದಿಗೆ ವರಾಹ, ಇನ್ನೊಂದು ತುದಿಗೆ ನರಸಿಂಹ, ಎದುರುಬದುರು. ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಕಮಲನಾರಾಯಣ ದೇಗುಲವಿದೆ. ಅದನ್ನು 1174ರಲ್ಲಿ ಕಟ್ಟಿಸಿದವಳು ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿ. ಕಟ್ಟಿದ ಶಿಲ್ಪಿಯ ಹೆಸರು ತಿಪ್ಪೋಜ. ಎಂಟೂವರೆ ಶತಮಾನಗಳ ಹಿಂದೆ ಒಬ್ಬ ಹೆಣ್ಣುಮಗಳು ಕಟ್ಟಿಸಿದ ಕಟ್ಟಡ, ಕಟ್ಟಿದವನ ಹೆಸರಿನ ಸಮೇತ ನಮಗೆ ದಕ್ಕಿದೆ. ಇದರ ಮುಂದೆ ನಿಂತು ಅದರತ್ತ ಬೆನ್ನು ತಿರುಗಿಸಿ ನಗುವುದಷ್ಟೇ ನಮ್ಮ ಕೆಲಸವೇ?

ಎರಡು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗಿಯರನ್ನು ಜಿಲ್ಲೆಯ ಒಂದು ಹಳೆಯ ದೇಗುಲ ತೋರಿಸಲು ಕರೆದೊಯ್ದಿದ್ದೆ. ಬಾಗಿಲಲ್ಲೇ ಒಬ್ಬ ಹುಡುಗ ಕೈ ಅಡ್ಡ ಹಿಡಿದ. "ಅಕ್ಕೋರ, ಒಂದ್ ಹತ್ತು ಮಿನಿಟ ತಡೀರಿ, ಬೆಳಕ ಹೋಗ್ತೈತಿ, ಶೂಟಿಂಗ್ ನಡದೈತ್ರಿ." ಹತ್ತು ಮಿನಿಟು ಮುಕ್ಕಾಲು ತಾಸಾಯಿತು. ಮಕ್ಕಳು ಬಿಸಿಲಲ್ಲಿ ನಿಂತರು. ಅವರಲ್ಲೊಬ್ಬಳು ನನ್ನ ಸೆರಗು ಜಗ್ಗಿ, "ಅಕ್ಕೋರ, ಇದು ಅವರ ಗುಡಿ ಏನ್ರಿ?" ಎಂದು ಕೇಳಿದಳು. ಒಳಗೆ ಮದುಮಗಳಾಗುವ ಹುಡುಗಿ ನೆಲ ಗುಡಿಸುವಂಥ ಉದ್ದನೆಯ ಗೌನು ತೊಟ್ಟು ಬೆವರುತ್ತಿದ್ದಳು. ಅವಳ ತಾಯಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ನಿಂತಿದ್ದಳು. "ಮ್ಯಾಲ ನೋಡ್ರಿ ಮೇಡಂ, ಇನ್ನೂ ಸ್ವಲ್ಪ ಮ್ಯಾಲ" ಎಂದು ಫೋಟೋಗ್ರಾಫರ ಏಳೆಂಟು ಸಲ ಹೇಳಿದ, ಅವಳು ಏಳೆಂಟು ಸಲ ಛಾವಣಿ ನೋಡಿದಳು. ಬಟ್ಟೆ ಬದಲಿಸಲು ಹೊರಬಂದಾಗ ನಾನು ಸುಮ್ಮನಿರದೆ, "ಮ್ಯಾಲ ಏನ್ ಕೆತ್ಯಾರ, ನೋಡಿದ್ಯಾ ತಂಗಿ?" ಎಂದೆ. "ಇಲ್ರಿ ಅಕ್ಕಾರ, ಮಾರಿ ಮ್ಯಾಲ ಬೆಳಕ ಬೀಳಲಿ ಅಂತ ಹಂಗ ನೋಡಸಾಕತ್ತಾರ್ರಿ" ಎಂದಳು. ಪಾಪ, ಸುಳ್ಳು ಹೇಳಲಿಲ್ಲ. ಏಳೆಂಟು ಸಲ ತಲೆಯೆತ್ತಿದರೂ ಏನನ್ನೂ ನೋಡಲು ಅವಳಿಗೆ ಯಾರೂ ಬಿಟ್ಟಿರಲಿಲ್ಲ.

ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ, ಅವಳಿಗಾಗಿ. ನಮ್ಮಲ್ಲಿ ಕನ್ಯಾ ನೋಡುವ ಶಾಸ್ತ್ರ ಎಂಥದ್ದೆಂದು ನಿಮಗೆಲ್ಲ ಗೊತ್ತು. ಚಹಾದ ತಟ್ಟೆ ಹಿಡಿದು ಬಾ, ತಲೆ ತಗ್ಗಿಸು, ನಡೆದು ತೋರಿಸು, ಹಾಡು ಬರುತ್ತದೆಯೇ ಹೇಳು. ನಮ್ಮ ತಲೆಮಾರಿನವರು ಆ ಚಾಪೆಯ ಮೇಲೆ ಕೂತು ಎದ್ದವರು. ನಮ್ಮ ಮಕ್ಕಳಾದರೂ ಅದರಿಂದ ಪಾರಾಗಲಿ ಎಂದು ಓದಿಸಿದೆವು, ನೌಕರಿಗೆ ಕಳಿಸಿದೆವು. ಈಗ ಅದೇ ಶಾಸ್ತ್ರ ಕ್ಯಾಮೆರಾ ಹಿಡಿದು ಎರಡನೆಯ ಬಾಗಿಲಿನಿಂದ ಒಳಗೆ ಬಂದಿದೆ. ಗದ್ದ ಎತ್ತು, ಕಣ್ಣು ಇಳಿಸು, ಓಡಿ ಬಾ, ಅವನ ಎದೆಗೆ ಒರಗು. ಮೊದಲು ನೋಡುತ್ತಿದ್ದವರು ಬೀಗರ ಕಡೆಯ ಐದು ಜನ, ಈಗ ಕಾರ್ಯಾಲಯದ ದೊಡ್ಡ ಪರದೆಯ ಮುಂದೆ ಕೂತ ಐದುನೂರು ಜನ. ಸಂಗ್ರಹಾಲಯವೆಂಬುದು ಹೆಣ್ಣುಮಗಳು ತಾನು ನಿಂತು ತನಗೆ ಬೇಕಾದಷ್ಟು ಹೊತ್ತು ನೋಡಬಹುದಾದ ಜಾಗ. ಅಲ್ಲಿ ನೋಡುವವಳು ಅವಳು. ಆ ಜಾಗದಲ್ಲೂ ಅವಳನ್ನು ನೋಡಿಸಿಕೊಳ್ಳುವ ಗೊಂಬೆಯಾಗಿ ನಿಲ್ಲಿಸಿದ್ದೇವೆ. ಇದರ ಖರ್ಚನ್ನು ಎಷ್ಟೋ ಕಡೆ ಹೆಣ್ಣಿನವರ ತಲೆಗೇ ಕಟ್ಟುತ್ತಾರೆ ಎಂಬುದನ್ನೂ ಮರೆಯಬೇಡಿ. ವರದಕ್ಷಿಣೆ ಬೇಡ ಎಂದು ಬಾಯಲ್ಲಿ ಹೇಳಿದವರೂ "ಶೂಟ್ ಮಾತ್ರ ಚೆನ್ನಾಗಿರಲಿ" ಎನ್ನುತ್ತಾರೆ.

ನೋಡದೆ ಇರುವುದರ ಫಲಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದು ನಿಂತ ಹೆಂಗಸಿನ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯದು. ಅದರ ಪ್ರತಿ ಕ್ಯಾಲೆಂಡರುಗಳಲ್ಲಿ, ದೇವರ ಕೋಣೆಗಳಲ್ಲಿ, ಎಲ್ಲೆಡೆ ಇದೆ. ಮದುವೆಯ ಫೋಟೋದವರಿಗೂ ಆ ಭಂಗಿ ಬಲು ಪ್ರಿಯ. ಯಾರ ಚಿತ್ರ ಎಂದು ಕೇಳಿ ನೋಡಿ, ರಾಜಾ ರವಿವರ್ಮ ಎನ್ನುವವರೇ ಹೆಚ್ಚು. ಬರೆದವರು ಎಸ್. ಎಲ್. ಹಲ್ದಣಕರ್, ನಮ್ಮ ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯವರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ 2018ರಲ್ಲಿ 102ನೆಯ ವಯಸ್ಸಿನಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ನೋಡುವವರು ಎಣ್ಣೆಬಣ್ಣವೆಂದೇ ತಿಳಿಯುವ ಆ ಚಿತ್ರ ನೀರುಬಣ್ಣದ್ದು. ನೀರುಬಣ್ಣವೂ ಕಾಗದವೂ ಬೆಳಕಿಗೆ ಬೇಗ ಮಾಸುತ್ತವೆ, ಹೋದ ಬಣ್ಣ ಮತ್ತೆ ಬರುವುದಿಲ್ಲ. ಅದಕ್ಕೇ ಇಂಥ ಚಿತ್ರಗಳ ಮೇಲೆ 50 ಲಕ್ಸಿಗಿಂತ ಹೆಚ್ಚಿನ ಬೆಳಕು ಬೀಳಬಾರದೆಂದು ಸಂಗ್ರಹಾಲಯದವರು ಎಣಿಸಿ ದೀಪ ಹಾಕುತ್ತಾರೆ. ಮುಖಕ್ಕೆ ಬೆಳಕು ಸಾಲದೆಂದು ಶೂಟಿಂಗಿನವರು ಹಚ್ಚುವ ದೀಪಕ್ಕೆ ಅಂಥ ಲೆಕ್ಕ ಉಂಟೆ?

"ಒಂದು ಫೋಟೋದಿಂದ ಕಲ್ಲು ಕರಗುತ್ತದೆಯೇ?" ಎನ್ನುತ್ತಾರೆ. ಕರಗುವುದಿಲ್ಲ, ಆದರೆ ಮುರಿಯುತ್ತದೆ. 2025ರ ಜೂನಿನಲ್ಲಿ ಇಟಲಿಯ ಫ್ಲಾರೆನ್ಸಿನ ಉಫಿಝಿ ಚಿತ್ರಶಾಲೆಯಲ್ಲಿ ಒಬ್ಬ ಪ್ರವಾಸಿ ಚಿತ್ರದ ಮುಂದೆ ಭಂಗಿ ಕೊಡುತ್ತ ಹಿಂದಕ್ಕೆ ಸರಿದು, ಎಡವಿ, ಮೆಡಿಚಿ ಮನೆತನದ ರಾಜಕುಮಾರನ ಹಳೆಯ ಭಾವಚಿತ್ರಕ್ಕೆ ತೂತು ಮಾಡಿದ. ಅದೇ ವರ್ಷ ವೆರೋನಾದ ಪಲಾಝೊ ಮಾಫೇ ಸಂಗ್ರಹಾಲಯದಲ್ಲಿ ಒಂದು ಜೋಡಿ ಹರಳುಗಳಿಂದ ಮಾಡಿದ ಕುರ್ಚಿಯ ಮೇಲೆ ಕೂತಂತೆ ಫೋಟೋ ತೆಗೆದುಕೊಳ್ಳಲು ಹೋಗಿ, ಗಂಡಸು ಅದರ ಮೇಲೇ ಕುಸಿದು ಕುರ್ಚಿ ಮುರಿದರು. ಮುರಿದ ಮೇಲೆ ಹೇಳದೆ ಕೇಳದೆ ಹೊರಟುಹೋದರು. ದೂರದ ಮಾತೇಕೆ, ನಮ್ಮ ಹಂಪಿಯಲ್ಲೇ ಕಂಬ ಕೆಡವಿದ ಹುಡುಗರ ವಿಡಿಯೋ 2019ರಲ್ಲಿ ದೇಶವೆಲ್ಲ ನೋಡಲಿಲ್ಲವೇ? ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿ, ತಲಾ 70,000 ರೂಪಾಯಿ ದಂಡ ಕಟ್ಟುವಂತೆ ನ್ಯಾಯಾಲಯ ಹೇಳಿತು. ಅವರೇನೂ ಮದುವೆಯ ಫೋಟೋಕ್ಕೆ ಹೋದವರಲ್ಲ, ನಿಜ. ಆದರೆ ಕ್ಯಾಮೆರಾ ಎದುರಿಗಿದ್ದರೆ ಕಲ್ಲು ಆಟದ ಸಾಮಾನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ ಇಲ್ಲವೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಕಾಯ್ದೆ ಇದ್ದೇ ಇದೆ. ಅದನ್ನು ಓದಿದ ಫೋಟೋಗ್ರಾಫರ ನನಗಿನ್ನೂ ಸಿಕ್ಕಿಲ್ಲ.

2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗುತ್ತಿಗೆಯ ವೈದ್ಯರೊಬ್ಬರು ಮದುವೆಗೆ ಮುಂಚಿನ ಶೂಟಿಂಗ್ ಮಾಡಿಸಿಕೊಂಡರು. ಸುದ್ದಿ ಹಬ್ಬಿತು, ಅವರನ್ನು ಕೆಲಸದಿಂದ ತೆಗೆದರು. ಆಗ ನಾವೆಲ್ಲ ಒಂದೇ ದನಿಯಲ್ಲಿ ಸರಿಯಾಯಿತು ಎಂದೆವು. ಆಸ್ಪತ್ರೆ ಇರುವುದು ರೋಗಿಗಾಗಿ, ಅದಕ್ಕೊಂದು ಕೆಲಸವಿದೆ ಎಂಬುದು ನಮಗೆ ಯಾರೂ ಹೇಳಿಕೊಡದೆ ತಿಳಿಯಿತು. ಹಾಗಾದರೆ ಬಸದಿಗೆ, ಚಿತ್ರಶಾಲೆಗೆ ಕೆಲಸವಿಲ್ಲವೇ? ನೋಡಲು ಬಂದವರಿಗೆ ನೋಡಗೊಡುವುದೇ ಅದರ ಕೆಲಸ. ಬಿಸಿಲಲ್ಲಿ ಕಾಯುವ ಏಳನೆಯ ತರಗತಿಯ ಹುಡುಗಿಯೇ ಅಲ್ಲಿನ ರೋಗಿ ಎಂದುಕೊಳ್ಳಿ. ಅವಳನ್ನು ಹೊರಗೆ ನಿಲ್ಲಿಸಿ ಒಳಗೆ ಶೂಟಿಂಗ್ ಮಾಡುವುದು ಹೇಗೆ ಸರಿಯಾದೀತು?

ಇನ್ನೊಂದು ಮಾತನ್ನು ನನ್ನ ಸೋದರಸೊಸೆಯೇ ನನಗೆ ಹೇಳಿದಳು. ಅದನ್ನು ತಳ್ಳಿಹಾಕಲು ನನ್ನಿಂದಾಗದು. "ಅತ್ತಿ, ಲಗ್ನಕ್ಕಿಂತ ಮೊದಲ ನಮ್ಮಿಬ್ಬರನ್ನ ಹೊರಗ ಕಳಸೋದು ಶೂಟ್ ನೆವದಾಗ ಅಷ್ಟ. ಅವತ್ತೊಂದಿನ ಆದರೂ ಮಾತಾಡಾಕ ಸಿಗ್ತೈತಿ" ಎಂದಳು. ನಿಜವೇ. ಇಪ್ಪತ್ತೈದು ವರ್ಷ ಓದಿಸಿ ಬೆಳೆಸಿದ ಮಗಳನ್ನು, ಜೀವಮಾನವೆಲ್ಲ ಜೊತೆಗಿರಬೇಕಾದ ಗಂಡಿನೊಂದಿಗೆ ಒಂದು ಮಧ್ಯಾಹ್ನ ಮಾತಾಡಲು ಬಿಡಲಾರೆವು, ಆದರೆ ಫೋಟೋಗ್ರಾಫರನ ಮಾತಿಗೆ ಅಪ್ಪಿಕೊಂಡು ನಿಲ್ಲಲು ಬಿಡುತ್ತೇವೆ! ಈ ಲಜ್ಜೆಗೇಡಿತನ ಮಕ್ಕಳದಲ್ಲ, ತಾಯಂದಿರಾದ ನಮ್ಮದು. ಹಾಗೆ ಸಿಕ್ಕ ಒಂದು ದಿನವನ್ನೂ ಬಟ್ಟೆ ಬದಲಿಸುವುದರಲ್ಲಿ, ಬೆಳಕಿಗಾಗಿ ಕಾಯುವುದರಲ್ಲಿ ಕಳೆದರೆ ಅವರು ಮಾತಾಡುವುದು ಯಾವಾಗ?

ಆದ್ದರಿಂದ ಅಧಿಕಾರದಲ್ಲಿರುವವರಿಗೆ ನನ್ನದು ಸರಳವಾದ ಬೇಡಿಕೆ. ಸಂಗ್ರಹಾಲಯಗಳ ಒಳಗೆ, ದೇಗುಲ ಬಸದಿಗಳ ಗರ್ಭಗುಡಿ ಮಂಟಪಗಳ ಒಳಗೆ ಇಂಥ ಶೂಟಿಂಗು ಬೇಡ, ಹಣ ಕಟ್ಟಿದರೂ ಬೇಡ. ಹೊರಗಿನ ಅಂಗಳದಲ್ಲಿ ಬೇಕಾದರೆ ಜನ ಬರುವ ಹೊತ್ತು ಬಿಟ್ಟು ಅನುಮತಿ ಕೊಡಲಿ, ಅನುಮತಿಯಿಲ್ಲದ ಸ್ಟ್ಯಾಂಡು ಲೈಟುಗಳನ್ನು ಬಾಗಿಲಲ್ಲೇ ಇಡಿಸಿಕೊಳ್ಳಲಿ. ಫೋಟೋಗ್ರಾಫರರ ಹೊಟ್ಟೆಯ ಮೇಲೆ ಹೊಡೆಯುವ ಮಾತಿದಲ್ಲ. ನಮ್ಮ ಜಿಲ್ಲೆಯಲ್ಲಿ ಗುಡ್ಡವಿದೆ, ಹೊಳೆಯಿದೆ, ಖಾನಾಪುರದ ಹಸಿರು ಇದೆ, ಅವರವರ ಮನೆಯ ಅಂಗಳವೂ ಇದೆ.

ತಾಯಂದಿರಿಗೆ ಹೇಳುವುದು ಬೇರೆ. ಮಗಳ ಮದುವೆ ನಿಶ್ಚಯವಾದಾಗ ಅವಳನ್ನೂ ಅಳಿಯನಾಗುವವನನ್ನೂ ಒಂದು ಭಾನುವಾರ ಹಲಸಿಗೋ ದೇಗಾಂವಕ್ಕೋ ಅವರ ಪಾಡಿಗೆ ಕಳಿಸಿ. ಬುತ್ತಿ ಕಟ್ಟಿಕೊಡಿ. ಕಂಬಗಳ ನಡುವೆ ಅಡ್ಡಾಡಲಿ, ಕಟ್ಟಿಸಿದವರಾರೆಂದು ಓದಲಿ, ನೆರಳಲ್ಲಿ ಕೂತು ಸಂಬಳ, ಅತ್ತೆ, ಅಡುಗೆ, ಮುಂದಿನ ಓದು, ಎಲ್ಲದರ ಬಗ್ಗೆ ಜಗಳವಾಡಲಿ. ತಾನು ನಿಂತು ನೋಡಿದ್ದನ್ನು ಅವನೂ ನಿಂತು ನೋಡುತ್ತಾನೆಯೇ, ಅಥವಾ "ಸಾಕು ನಡಿ" ಎನ್ನುತ್ತಾನೆಯೇ ಎಂಬುದೊಂದು ಗೊತ್ತಾದರೂ ಮಗಳಿಗೆ ಆ ದಿನ ಸಾರ್ಥಕ. ಆಲ್ಬಮ್ಮಿನಲ್ಲಿ ಅದು ಕಾಣಿಸಲಿಕ್ಕಿಲ್ಲ. ಆದರೆ ಲಗ್ನದ ಚೀಟಿ ಅಚ್ಚಿಗೆ ಹೋಗುವ ಮೊದಲು ಹೆಣ್ಣುಮಗಳಿಗೆ ತಿಳಿದಿರಬೇಕಾದ ಸಂಗತಿ ಅದೇ.