ಜಗ್ಗಿ ನೋಡಲಾಗದ ಬೀಗ

ಪರಸ್ಥಳಕ್ಕೆ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಹಿಂದಿರುಗಿ ಅದನ್ನೊಮ್ಮೆ ಜಗ್ಗಿ ನೋಡುವುದು ನಮ್ಮ ಹಿರಿಯರ ವಾಡಿಕೆ. ಇದನ್ನು ಕಂಡು ನಗುವವರುಂಟು, ನಾನು ನಗಲಾರೆ.

ಇಂದು ರೋಗಿಯ ವರದಿ, ಬ್ಯಾಂಕಿನ ಲೆಕ್ಕ, ಆಸ್ತಿಯ ವಿವರ ಎಲ್ಲವೂ ಗಣಕದ ಡಿಸ್ಕಿನಲ್ಲಿ ಅಡಗಿವೆ. ಗಣಕವು ಕಳುವಾದರೂ ಅದರೊಳಗಿನದು ಕಳ್ಳನಿಗೆ ತಿಳಿಯಬಾರದೆಂದು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿಡುತ್ತಾರೆ. ಈ ಕಾರ್ಯವನ್ನು ಡಿಸ್ಕಿನೊಳಗಿನ ಚಿಪ್ಪೇ ಮಾಡಿದರೆ ಅದು ಯಂತ್ರಾಂಶದ ಮಾರ್ಗ; ಗಣಕದಲ್ಲಿ ನಡೆಯುವ ಪ್ರೋಗ್ರಾಮು ಮಾಡಿದರೆ ತಂತ್ರಾಂಶದ ಮಾರ್ಗ.

ಮೊದಲನೆಯದರ ಹಿರಿಮೆ ಸಣ್ಣದಲ್ಲ. ಅದರಿಂದ ಗಣಕದ ವೇಗ ಕುಗ್ಗದು. ಕೀಲಿಯು ಡಿಸ್ಕನ್ನು ಬಿಟ್ಟು ಹೊರಬರಬೇಕಾಗಿಲ್ಲ. ತಂತ್ರಾಂಶದಲ್ಲಾದರೋ ಗಣಕ ನಡೆಯುವಷ್ಟು ಕಾಲವೂ ಕೀಲಿಯು ಅದರ ಮೆಮೊರಿಯಲ್ಲಿರುತ್ತದೆ. ವಿದ್ಯುತ್ತು ನಿಂತ ಮೇಲೂ ಅದು ಕೆಲವು ಕ್ಷಣ ಅಳಿಯದೆಂದೂ, ಮೆಮೊರಿಯನ್ನು ತಣ್ಣಗಾಗಿಸಿದರೆ ಇನ್ನೂ ಹೆಚ್ಚು ಕಾಲ ಉಳಿಯುವುದೆಂದೂ 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಸಂಶೋಧಕರು ತೋರಿಸಿಕೊಟ್ಟರು.

ಆದರೂ ನನ್ನ ಒಲವು ತಂತ್ರಾಂಶದ ಕಡೆಗೇ. 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಗೂಢಲಿಪಿಯನ್ನು ತಾವೇ ರಚಿಸಿಕೊಳ್ಳುವ ಕೆಲವು ಡಿಸ್ಕುಗಳನ್ನು ಪರೀಕ್ಷಿಸಿದರು. ಕಂಡದ್ದೇನು? ಅವುಗಳಲ್ಲಿ ಕೆಲವೆಡೆ ಬಳಕೆದಾರನ ಗುಪ್ತಪದಕ್ಕೂ ಒಳಗಿನ ಕೀಲಿಗೂ ಸಂಬಂಧವೇ ಇರಲಿಲ್ಲ! ಗುಪ್ತಪದ ಸರಿಯೇ ಎಂದು ಚಿಪ್ಪು ವಿಚಾರಿಸುತ್ತಿತ್ತು, ಅಷ್ಟೆ. ಆ ವಿಚಾರಣೆಯನ್ನು ತಪ್ಪಿಸಬಲ್ಲವನಿಗೆ ಎಲ್ಲವೂ ತೆರೆದುಕೊಳ್ಳುತ್ತಿತ್ತು. ತಿಜೋರಿಯ ಕೀಲಿಯನ್ನು ತಿಜೋರಿಯ ಮೇಲೆಯೇ ಇಟ್ಟು ಪಕ್ಕದಲ್ಲೊಬ್ಬ ಕಾವಲುಗಾರನನ್ನು ಕೂರಿಸಿದಂತಾಯಿತು. ವಿಂಡೋಸ್‌ನ ಬಿಟ್‌ಲಾಕರ್ ಎಂಬ ತಂತ್ರಾಂಶವೂ ಇಂತಹ ಡಿಸ್ಕು ದೊರೆತಾಗ ಅದನ್ನೇ ನಂಬಿ ತಾನು ಸುಮ್ಮನಿರುತ್ತಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಆ ಪದ್ಧತಿಯನ್ನು ಬದಲಿಸಿ, ಹೊಸದಾಗಿ ಬೀಗ ಹಾಕುವಾಗ ತಂತ್ರಾಂಶವನ್ನೇ ಬಳಸುವಂತೆ ಮಾಡಿತು.

ಗೂಢವ್ಯವಸ್ಥೆಯು ಶತ್ರುವಿನ ಕೈಗೆ ಸಿಕ್ಕರೂ ಕೇಡಾಗಬಾರದು, ಕೀಲಿಯೊಂದೇ ಗುಟ್ಟಾಗಿರಬೇಕು ಎಂಬ ತತ್ತ್ವವನ್ನು ಕೆರ್ಕ್‌ಹಾಫ್ಸ್ 1883ರಲ್ಲಿಯೇ ಮಂಡಿಸಿದ್ದರು. ಅವರೂ ಭಾಷಾಧ್ಯಾಪಕರು, ನನ್ನ ವೃತ್ತಿಬಾಂಧವರೇ! ಡಿಸ್ಕಿನ ಚಿಪ್ಪಿನೊಳಗೆ ನಡೆಯುವುದನ್ನು ಬಲ್ಲವರು ಸಾಮಾನ್ಯವಾಗಿ ಅದರ ತಯಾರಕರು ಮಾತ್ರ. ವೆರಾಕ್ರಿಪ್ಟ್‌ನಂತಹ ತಂತ್ರಾಂಶದ ಮೂಲಬರಹವನ್ನಾದರೋ ಯಾರು ಬೇಕಾದರೂ ಓದಬಹುದು, ದೋಷವಿದ್ದರೆ ಸಾರಬಹುದು. ನಾನು ಓದಿ ತಿಳಿಯಬಲ್ಲೆನೆಂದಲ್ಲ. ಓದಬಲ್ಲವರಿಗೆ ತಡೆಯಿಲ್ಲವೆಂಬುದೇ ನನಗೆ ಧೈರ್ಯ. ವೇಗದ ವಾದವೂ ಈಗ ಬಲಗುಂದಿದೆ. ಎ.ಇ.ಎಸ್. ಎಂಬ ಪ್ರಸಿದ್ಧ ಗೂಢಲಿಪಿಯನ್ನು ತ್ವರಿತಗೊಳಿಸುವ ಆದೇಶಗಳು 2010ರಿಂದ ಇಂಟೆಲ್ ಸಂಸ್ಕಾರಕಗಳಲ್ಲಿಯೇ ಸೇರತೊಡಗಿವೆ.

ನನ್ನ ಗಣಕಕ್ಕೆ ತಂತ್ರಾಂಶದ ಬೀಗವನ್ನೇ ಹಾಕಿಸಿದ್ದೇನೆ. ಕೆಲಸ ಮುಗಿದ ಮೇಲೆ ಅದನ್ನು ಅರೆನಿದ್ರೆಯಲ್ಲಿ ಬಿಡದೆ ಪೂರ್ತಿ ಆರಿಸುತ್ತೇನೆ. ಗುಪ್ತಪದ ಮರೆತರೆ ಒದಗುವ ಕೀಲಿಯನ್ನು ಕಾಗದದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಆ ಪೆಟ್ಟಿಗೆಯ ಬೀಗವನ್ನು ದಿನವೂ ಜಗ್ಗಿ ನೋಡುತ್ತೇನೆ.