ಎಂಟು ಸೆಮಿಸ್ಟರಿನ ಬ್ಯಾಂಡುಗಳಿಗೆ ಅರ್ಧ ಗಂಟೆ ಕೊಡಿ

ಯಲಹಂಕ, ಮತ್ತಿಕೆರೆ ಸುತ್ತಮುತ್ತಲ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸ ಬ್ಯಾಂಡುಗಳು ಹುಟ್ಟುತ್ತಲೇ ಇರುತ್ತವೆ. ಆರ್.ಟಿ. ನಗರದ ಯಾವುದೋ ಮನೆಯ ಮಹಡಿ ಮೇಲೊಂದು ರೂಮು. ಗೋಡೆಗೆಲ್ಲ ಮೊಟ್ಟೆ ಟ್ರೇ, ಕಿಟಕಿಗೆ ಹಳೇ ರಗ್ಗು. ಆದರೂ ಡ್ರಮ್ಸ್ ಸದ್ದು ತಾಳಲಾರದೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಫೆಸ್ಟ್‌ಗಳಲ್ಲಿ ಒಂದೆರಡು ಬಹುಮಾನ, ಅರ್ಧಕ್ಕೇ ನಿಂತ ಒಂದು ರೆಕಾರ್ಡಿಂಗ್, ಅಷ್ಟೆ. ಎಂಟನೇ ಸೆಮಿಸ್ಟರ್ ಹೊತ್ತಿಗೆ ಪ್ಲೇಸ್‌ಮೆಂಟ್ ಆಗಿ ಡ್ರಮ್ಮರ್ ಪುಣೆಗೆ, ಗಿಟಾರಿನವನು ಹೈದರಾಬಾದಿಗೆ ಹೊರಡುತ್ತಾರೆ. ಅಲ್ಲಿಗೆ ಬ್ಯಾಂಡಿನ ಕಥೆ ಮುಗಿಯಿತು.

ಬೇಗ ಮುಗಿಯುವುದೇನೂ ದೊಡ್ಡ ನಷ್ಟವಲ್ಲ. ಅಮೆರಿಕದ ‘ನ್ಯೂ ವೇವ್’ ರಾಕ್ ಅಲೆಯಲ್ಲಿ ಬಂದ ‘ದಿ ನ್ಯಾಕ್’ ಬ್ಯಾಂಡ್ ಕೂಡ ಅಲ್ಪಾಯುಷಿಯೇ. 1978ರಲ್ಲಿ ಶುರುವಾಗಿ, 1981ರ ಕೊನೆಗೆ ಒಡೆಯಿತು. ಆದರೆ ನಡುವೆ, 1979ರಲ್ಲಿ, ಅವರ ‘ಮೈ ಶರೋನಾ’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆ ಹುಡುಗರು ಮೊದಲು ಹೆಸರು ಮಾಡಿದ್ದು ಲಾಸ್ ಏಂಜಲಿಸ್‌ನ ಸಣ್ಣ ಕ್ಲಬ್ಬುಗಳಲ್ಲಿ. ಅಲ್ಲಿ ಜನ ಸೇರತೊಡಗಿದ ಮೇಲೆಯೇ ರೆಕಾರ್ಡ್ ಕಂಪನಿಗಳು ಹಿಂದೆ ಬಿದ್ದದ್ದು.

ನಮ್ಮಲ್ಲೂ ಇದಕ್ಕೆ ಉದಾಹರಣೆ ಇದೆ. ಗಾಯಕ ರಘು ದೀಕ್ಷಿತ್ 90ರ ದಶಕದ ಕೊನೆಯಲ್ಲಿ ಕಟ್ಟಿದ ‘ಅಂತರಾಗ್ನಿ’ ಬ್ಯಾಂಡ್ ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. ಅಷ್ಟರಲ್ಲಿ ವೇದಿಕೆಯ ಪಾಠ ಆಗಿತ್ತು. ಮುಂದೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು, 2008ರಲ್ಲಿ ಮೊದಲ ಆಲ್ಬಂ ಬಂತು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯೂ ಸಿಕ್ಕಿತು.

ಉತ್ತರ ಬೆಂಗಳೂರಿಗೆ ದೊಡ್ಡ ವೇದಿಕೆಗಳ ಬರವಿಲ್ಲ. ಮೇಖ್ರಿ ವೃತ್ತದ ಪಕ್ಕದ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದವು. ಇಲ್ಲದಿರುವುದು ಇನ್ನೂರು ಜನ ಕೂತು ಕೇಳುವಂಥ ಜಾಗ. ಪಬ್ಬು, ರೆಸ್ಟೋರೆಂಟುಗಳ ದಾರಿಯೂ ಸುಲಭವಿಲ್ಲ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಅದನ್ನು ಬಿಗಿಯಾಗಿ ಜಾರಿಗೆ ತಂದಾಗ, ಮೂಲೆಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವರೂ ಗಂಟುಮೂಟೆ ಕಟ್ಟಬೇಕಾಯಿತು.

ಹೊಸ ಸಭಾಂಗಣ ಕಟ್ಟಿಸಿ ಎಂದು ಸರಕಾರಕ್ಕೆ ಅರ್ಜಿ ಹಾಕಿ ಕಾಯುವ ಬದಲು, ಇರುವ ವೇದಿಕೆಯನ್ನೇ ನೋಡಬಹುದು. ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವ ಬಂದರೆ ಹೆಬ್ಬಾಳದಿಂದ ಯಶವಂತಪುರದವರೆಗೆ ಅಡ್ಡರಸ್ತೆಗಳಲ್ಲೆಲ್ಲ ಶಾಮಿಯಾನ ಏಳುತ್ತದೆ. ಸೌಂಡ್ ಸಿಸ್ಟಮ್, ಲೈಟಿಂಗು, ಪೊಲೀಸ್ ಅನುಮತಿ, ಕುರ್ಚಿ ಎಲ್ಲಕ್ಕೂ ಚಂದಾ ಹಣದಲ್ಲಿ ವ್ಯವಸ್ಥೆ ಆಗಿರುತ್ತದೆ. ಸಂಜೆ ಆರ್ಕೆಸ್ಟ್ರಾ ಇದ್ದೇ ಇರುತ್ತದೆ. ಅದು ಶುರುವಾಗುವ ಮುಂಚಿನ ಅರ್ಧ ಗಂಟೆಯನ್ನು ಅದೇ ಬಡಾವಣೆಯ ಬ್ಯಾಂಡಿಗೆ ಕೊಡಲಿ. ಸ್ವಂತ ಹಾಡುಗಳನ್ನೇ ಹಾಡಬೇಕೆಂಬ ಒಂದೇ ಷರತ್ತು ಇರಲಿ.

ಸಿನಿಮಾ ಹಾಡಿಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ ಎಂದು ಸಮಿತಿಯವರು ಹೇಳಬಹುದು. ಕೆಲವರು ಹೋಗಿಯೂ ಹೋಗುತ್ತಾರೆ. ಆದರೆ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ತತ್ವಪದವನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಜೊತೆ ಹಾಡಿದಾಗ ಕನ್ನಡಿಗರು ಅದನ್ನು ಕೈಬಿಡಲಿಲ್ಲ. ಕೇಳುವವರಿಗೆ ಪದ ಸ್ಪಷ್ಟವಾಗಿ ಕಿವಿಗೆ ಬೀಳಬೇಕು, ಅಷ್ಟೆ. ಕಾಲೇಜು ಬ್ಯಾಂಡುಗಳು ಇಲ್ಲಿ ಎಡವುತ್ತವೆ. ಡಿಸ್ಟಾರ್ಷನ್ ಏರಿಸಿ ಹಾಡನ್ನು ಮುಳುಗಿಸುವ ಹುಡುಗರಿಗೆ, ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರ ಮುಖ ನೋಡಿದರೆ ಬುದ್ಧಿ ಬಂದೀತು. ಅಂಥ ತಿದ್ದುಪಡಿ ಸ್ನೇಹಿತರೇ ತುಂಬಿದ ಕಾಲೇಜು ಫೆಸ್ಟಿನಲ್ಲಿ ಆಗುವುದಿಲ್ಲ.

ಸದ್ದಿನ ಮಾತೂ ಇದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಬ್ಯಾಂಡಿಗೆ ಏಳು ಗಂಟೆಯ ಹೊತ್ತೇ ಸರಿ. ಆಗ ಮಕ್ಕಳೂ ಎಚ್ಚರವಿರುತ್ತಾರೆ, ಪರೀಕ್ಷೆಗೆ ಓದುವವರಿಗೂ ರಾತ್ರಿ ಉಳಿಯುತ್ತದೆ. ಅದೇ ಮಿಕ್ಸರಿನಿಂದ ಒಂದು ವೈರ್ ಎಳೆದು ಆ ಅರ್ಧ ಗಂಟೆಯನ್ನು ರೆಕಾರ್ಡ್ ಮಾಡಿಕೊಟ್ಟರೆ, ಬ್ಯಾಂಡ್ ಒಡೆದರೂ ಹಾಡು ಉಳಿಯುತ್ತದೆ. ಚಂದಾ ಪುಸ್ತಕ ಹಿಡಿದು ಹುಡುಗರು ಮನೆ ಬಾಗಿಲಿಗೆ ಬಂದಾಗ, ದುಡ್ಡು ಕೊಡುವವರು ಈ ಅರ್ಧ ಗಂಟೆಯನ್ನೂ ಕೇಳಬೇಕು.