ಒಗೆಯುವುದು, ಉಳಿಯುವುದು

ಮೊನ್ನೆ ಉಪನ್ಯಾಸವೊಂದರಲ್ಲಿ ಕೇಳಿದ ಮಾತು ತಲೆಯಲ್ಲೇ ಕೊರೆಯುತ್ತಿದೆ. ಇಂಗ್ಲಿಷಿನ ‘ಲೇವ್’ (ತೊಳೆ), ‘ಲಿವ್’ (ಬದುಕು) ಎರಡೂ ಒಂದೇ ಧಾತುವಿನವಂತೆ. ತೊಳೆದುಕೊಳ್ಳುವುದೇ ಬದುಕು ಎಂದು ಆ ಭಾಷೆಯ ಜನ ಕಂಡುಕೊಂಡಿದ್ದರಂತೆ. ಸಭೆ ಚಪ್ಪಾಳೆ ತಟ್ಟಿತು. ಕಿವಿಗೆ ಹೋಲಿದ್ದನ್ನೆಲ್ಲ ಒಂದೇ ಕುಲಕ್ಕೆ ಸೇರಿಸುವ ಈ ಚಾಳಿಯನ್ನು ನನ್ನಿಂದ ಸಹಿಸಲಾಗದು.

ಹಳೆಯ ಇಂಗ್ಲಿಷಿನಲ್ಲಿ ಅವು ‘ಲವಿಯನ್’, ‘ಲಿವಿಯನ್’. ಒಂದು ಸ್ವರದಷ್ಟೇ ಅಂತರ, ನಿಜ. ಆದರೆ ಮೊದಲನೆಯದು ಲ್ಯಾಟಿನ್ನಿನ ‘ಲವಾರೆ’ಯಿಂದ ತಂದ ಎರವಲು. ಆ ಜನಕ್ಕೆ ಸ್ವಂತದ ಪದಗಳೇ ಇದ್ದವು: ಬಟ್ಟೆಗೆ ಹೆಚ್ಚಾಗಿ ‘ವಾಷನ್’, ಕೈಕಾಲು ಮೈಗೆ ‘ಥ್ವೇಯನ್’. ನಾವು ಬಟ್ಟೆ ಒಗೆದು ಮುಖ ತೊಳೆಯುವುದಿಲ್ಲವೇ, ಹಾಗೆ. ವಾಷನ್ ‘ವಾಟರ್’ ಬಳಗದ್ದು, ಸಂಸ್ಕೃತದ ‘ಉದಕ’ಕ್ಕೂ ದೂರದ ನೆಂಟ. ಬರಬರುತ್ತ ಬಟ್ಟೆಯ ಪದವೇ ಮೈಯನ್ನೂ ವಹಿಸಿಕೊಂಡಿತು, ಥ್ವೇಯನ್ ಬಳಕೆ ತಪ್ಪಿತು. ಅದೇ ಧಾತುವಿನ ಇನ್ನೊಂದು ಜರ್ಮಾನಿಕ್ ಪದ ಮಾತ್ರ ಹಳೆಯ ಫ್ರೆಂಚಿಗೆ ಹೋಗಿ, 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲಿಷಿಗೆ ಮರಳಿತು. ಅದೇ ಟವೆಲ್. ನಮ್ಮ ರೈತನ ಹೆಗಲ ಮೇಲಿನ ಟವಲಿನಲ್ಲಿ ಆ ಧಾತು ಇನ್ನೂ ಜೀವಂತವಾಗಿದೆ.

ಇನ್ನು ಲಿವಿಯನ್. ಅದರ ಮೂಲಾರ್ಥ ಅಂಟಿಕೊಳ್ಳುವುದು, ಉಳಿಯುವುದು. ಬಿಟ್ಟುಹೋಗುವುದನ್ನು ಹೇಳುವ ‘ಲೀವ್’ ಅದರ ಒಡಹುಟ್ಟು. ಸಂಸ್ಕೃತದಲ್ಲಿ ಅದೇ ಬೇರಿನಿಂದ ‘ಲಿಪ್’, ‘ಲೇಪ’. ‘ಪ’ಕಾರ ಹೇಗೆ ‘ವ’ ಆಯಿತೆನ್ನುವವರು ಭಾಷಾವಿಜ್ಞಾನಿ ಗ್ರಿಮ್ 1822ರಲ್ಲಿ ಹೇಳಿದ ಧ್ವನಿಬದಲಾವಣೆಯ ನಿಯಮವನ್ನೂ ಅದಕ್ಕೆ ವರ್ನರ್ 1877ರಲ್ಲಿ ಕೊಟ್ಟ ತಿದ್ದುಪಡಿಯನ್ನೂ ನೆನೆಯಬೇಕು. ಮೊದಲನೆಯದರಂತೆ ‘ಪ’ ‘ಫ’ ಆಯಿತು, ಎರಡನೆಯದರಂತೆ ಆ ‘ಫ’ ‘ವ’ ಆಯಿತು. ಹಾಗಾದರೆ ಉಪನ್ಯಾಸಕರ ಸೂತ್ರ ತಲೆಕೆಳಗಾಯಿತು: ತೊಳೆಯುವುದು ಅಂಟಿದ್ದನ್ನು ಬಿಡಿಸುತ್ತದೆ, ಬದುಕುವುದು ಅಂಟಿಕೊಂಡೇ ಇರುವುದು.

ಇಷ್ಟು ಬರೆಯುವಾಗ ಹೊಳೆದದ್ದು, ನಿಜವಾದ ಪ್ರಶ್ನೆ ಧಾತುವಿನದಲ್ಲ. ಆ ಸಭೆಗೆ ಅದು ಅಷ್ಟು ಹಿತವೆನಿಸಿದ್ದೇಕೆ? ನಿರ್ಲೇಪವಾಗಿ ಬಾಳುವುದನ್ನೇ ದೊಡ್ಡದೆಂದು ಕೇಳುತ್ತ ಬೆಳೆದವರು ನಾವು. ಅದಕ್ಕೆ ಇಂಗ್ಲಿಷಿನ ಸಾಕ್ಷಿಯೂ ಸಿಕ್ಕರೆ ಬೇಡವೆನ್ನುವುದು ಕಷ್ಟ. ನಮ್ಮ ‘ಜೀವ’ಕ್ಕೆ ನಿಜವಾದ ನೆಂಟ ಬೇಕಿದ್ದರೆ ಅಲ್ಲೇ ಇದೆ, ‘ಕ್ವಿಕ್’. ಇಂದು ಅದು ಬರಿಯ ವೇಗ. ಅಂದು ಅದರ ಅರ್ಥ ಜೀವವಿರುವುದು. ಪಾದರಸಕ್ಕೆ ‘ಕ್ವಿಕ್‌ಸಿಲ್ವರ್’ ಎಂಬ ಹೆಸರು ಬಂದದ್ದು ಹರಿದಾಡುವ ಜೀವಂತ ಬೆಳ್ಳಿಯೆಂದು. ನಿರ್ಲೇಪವನ್ನು ಸಾರುವವರು ಅದರ ಬಲದಿಂದಲೇ ಸಾರಲಿ. ಆ ತತ್ತ್ವಕ್ಕೆ ಸುಳ್ಳು ವ್ಯುತ್ಪತ್ತಿಯ ಊರುಗೋಲು ಬೇಕಿಲ್ಲ.